ಟೊಮೇಟೊ ಗಿಡದಲ್ಲಿ ಮಾವನವರು

ತೀರಿಹೋದವರನ್ನು ಮತ್ತೆ ಮಾತಾಡಿಸುವುದು ಹೇಗೆ ಎಂದು ಲೋಕದ ದೊಡ್ಡ ದೊಡ್ಡ ಜ್ಞಾನಿಗಳೆಲ್ಲ ತಲೆ ಕೆರೆದುಕೊಂಡು ಸೋತಿದ್ದಾರೆ. ಅದಕ್ಕೆ ಒಂದು ಸಣ್ಣ ಸ್ಕ್ರೂಡ್ರೈವರು ಸಾಕು ಎಂದು ನಾನು ಒಂದು ದಿನ ಬೆಳಗಿನ ತಿಂಡಿಯ ಮೇಜಿನ ಮುಂದೆ ಘೋಷಿಸಿಬಿಟ್ಟೆ! ಹೆಂಡತಿ ತಲೆ ಎತ್ತಲಿಲ್ಲ. ಅತ್ತೆ ಎತ್ತಿದರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಮೊದಲು ನನ್ನ ವಿಚಾರ ಸ್ವಲ್ಪ ಹೇಳಿಬಿಡುತ್ತೇನೆ. ನನ್ನದು ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆಗೆ ಬಂದವರು ಗಲ್ಲವನ್ನು ಯಂತ್ರದ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿಕೊಂಡು, ಅಲ್ಲಾಡದೆ ಕೂರಬೇಕು. ಮಾತಾಡುವ ಚಟ ಇರುವವನಿಗೆ ಇದಕ್ಕಿಂತ ಒಳ್ಳೆಯ ಶ್ರೋತೃಗಳು ಎಲ್ಲಿ ಸಿಗುತ್ತಾರೆ? ನನಗಿರುವ ಚಟ ಹಳೆಯ ಹಾಡಿನ ತಟ್ಟೆ, ಕ್ಯಾಸೆಟ್ಟು, ವಿಡಿಯೊ ಟೇಪುಗಳದು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಎಷ್ಟು ಗೀರುಗಳಿರುತ್ತವೆ ಹೇಳಿ ನೋಡೋಣ ಅನ್ನುತ್ತೇನೆ. ನೂರು, ಇನ್ನೂರು, ಸಾವಿರ ಎಂದು ಎಡಗಣ್ಣು ಮುಚ್ಚಿಕೊಂಡೇ ಲೆಕ್ಕ ಹಾಕುತ್ತಾರೆ. ಒಂದೇ ಒಂದು, ಅಂಚಿನಿಂದ ನಡುವಿನವರೆಗೆ ಸುತ್ತಿಕೊಂಡು ಹೋಗುವ ಒಂದೇ ಒಂದು ಗೀರು, ಎಂದಾಗ ಅವರ ಬಾಯಿ ತೆರೆದುಕೊಳ್ಳುತ್ತದೆ. ಗಲ್ಲ ಯಂತ್ರಕ್ಕೆ ಸಿಕ್ಕಿಕೊಂಡಿರುವುದರಿಂದ ಪೂರ್ತಿ ತೆರೆಯಲಾಗುವುದಿಲ್ಲ, ಅಷ್ಟೆ. ಆಮೇಲೆ ನಾನು ಅರಗಿನ ಹುಳದ ಕಥೆಗೆ ಬರುತ್ತೇನೆ. ಆ ಕಾಲದ ಭಾರದ ತಟ್ಟೆಗಳನ್ನು ಮಾಡುತ್ತಿದ್ದದ್ದು ಹುಳ ಕಕ್ಕಿದ ಅರಗಿನಿಂದ ಎಂದು ಕೇಳಿದ ಮೇಲೆ ಕೆಲವರು ಬಲಗಣ್ಣಿನ ಪರೀಕ್ಷೆಯನ್ನು ಮುಂದಿನ ವಾರಕ್ಕೆ ಹಾಕಿ ಹೊರಟುಬಿಡುತ್ತಾರೆ. ಅದು ಅವರ ನಷ್ಟ.

ನನ್ನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸೂಜಿ ಚುಚ್ಚುವುದು ಅವಳ ವೃತ್ತಿ. ಮನೆಗೆ ಬಂದ ಮೇಲೂ ಅಭ್ಯಾಸ ತಪ್ಪದಿರಲಿ ಎಂದು ನನ್ನ ಮೇಲೆ ಮುಂದುವರಿಸುತ್ತಾಳೆ. ನಮ್ಮ ಮನೆಯ ಒಂದು ಕೋಣೆಯ ಗೋಡೆ ತುಂಬ ನನ್ನ ಸಂಗ್ರಹವಿದೆ. ನೋಡಲು ಯಂತ್ರವೇ ಇಲ್ಲದ ವಿಡಿಯೊ ಕ್ಯಾಸೆಟ್ಟುಗಳು, ಸೂಜಿ ಕಳೆದುಹೋದ ರೆಕಾರ್ಡ್ ಪ್ಲೇಯರು, ಕನ್ನಡಿಗಿಂತ ಚೆನ್ನಾಗಿ ಹೊಳೆಯುವ ಸೀಡಿಗಳು, ಎದೆಯ ಮೇಲಿಟ್ಟರೆ ಉಸಿರು ನಿಲ್ಲುವಷ್ಟು ಭಾರದ ಒಂದು ಟೇಪ್ ರೆಕಾರ್ಡರು. ಬಂದವರು ಇದೆಲ್ಲ ಏನು ಎಂದು ಕೇಳಿದರೆ, "ಇವರಿಗೆ ರೀಲು ಬಿಡೋ ಅಭ್ಯಾಸ. ಇದು ಅದರ ದಾಸ್ತಾನು," ಎಂದು ಅವಳೇ ಉತ್ತರ ಕೊಟ್ಟು ಮುಗಿಸುತ್ತಾಳೆ.

ಇಂಥ ಮನೆಗೆ ಅತ್ತೆ ಬಂದು ನೆಲೆಸಿದರು. ಮಾವನವರು ತೀರಿಕೊಂಡ ಮೇಲೆ ಮಗಳು ಹಟ ಮಾಡಿ ಕರೆದುಕೊಂಡು ಬಂದಿದ್ದಳು. ಮಾವನವರು ಬೇಕರಿಯ ವ್ಯಾನು ಓಡಿಸುತ್ತಿದ್ದ ಮನುಷ್ಯ. ಅಷ್ಟು ಮಿತಭಾಷಿಯನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಊಟಕ್ಕೆ ಕೂತಾಗ "ಸಾಕು" ಅನ್ನುವ ಬದಲು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ನನ್ನನ್ನು ಅಳಿಯನಾಗಿ ಒಪ್ಪಿದ್ದು ಸಹ ತಲೆಯಾಡಿಸಿಯೇ. ಅವರ ಫೋಟೊಗಳು ಬೇಕಾದಷ್ಟಿದ್ದವು. ಧ್ವನಿ ಮಾತ್ರ ಎಲ್ಲೂ ಇರಲಿಲ್ಲ. ಅತ್ತೆ ಮನೆಯಲ್ಲೇ ಕೂತು ಊರಿನವರ ಬಟ್ಟೆ ಹೊಲಿದು ಜೀವನ ಸವೆಸಿದವರು. ಅವರ ಹೊಲಿಗೆ ಡಬ್ಬಿಯಲ್ಲಿ ಗುಂಡಿ, ದಾರದುಂಡೆಗಳ ಕೆಳಗೆ ನನಗೆ ಒಂದು ಕ್ಯಾಸೆಟ್ಟು ಸಿಕ್ಕಿತು. ಅದರ ಮೇಲೆ ನೀಲಿ ಶಾಯಿಯಲ್ಲಿ ಒಂದೇ ಪದ: "ಇವರು."

ಗಂಡನ ಹೆಸರು ಬರೆಯಲೂ ನಾಚುವ ಕಾಲದ ಹೆಂಗಸು ಬರೆದ "ಇವರು"! ನನ್ನ ಮೈ ಜುಂ ಎಂದಿತು. ಮಾವನವರ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ತಮ್ಮನ ಹಾಡುಗಾರಿಕೆಯ ಬಗ್ಗೆ ಹೇಳುತ್ತಿದ್ದದ್ದು ನೆನಪಾಯಿತು. ಅವನು ಕಂಠ ತೆರೆದರೆ ಬೀದಿಯಲ್ಲಿ ಹೋಗುವವರು ನಿಂತುಬಿಡುತ್ತಿದ್ದರು ಎಂದು ಅವರು ಎಷ್ಟೋ ಸಲ ಹೇಳಿದ್ದರು. ನಿಜವೇ ಎಂದು ಅತ್ತೆಯನ್ನು ಕೇಳಿದಾಗ, "ನಿಲ್ಲುತ್ತಿದ್ದರು, ಹೌದು," ಎಂದಷ್ಟೇ ಹೇಳಿ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡತೊಡಗಿದ್ದರು.

ಆ ದಿನ ತಿಂಡಿಯ ಮೇಜಿನಲ್ಲಿ ನನ್ನ ಘೋಷಣೆ ಕೇಳಿ ತಲೆ ಎತ್ತಿದ ಅತ್ತೆ, ಆ ಕ್ಯಾಸೆಟ್ಟಿನಲ್ಲಿ ಹಾಡು ಅಂತ ಏನಿಲ್ಲ ಅಳಿಯಂದಿರೇ, ಅದು, ಎಂದು ಏನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ನನಗೆ ಕ್ಯಾಸೆಟ್ಟಿನ ಜನ್ಮವೃತ್ತಾಂತ ನೆನಪಾಗಿಬಿಟ್ಟಿತು. ಇದು ಮೊದಲು ಹುಟ್ಟಿದ್ದು ಹಾಡಿಗಲ್ಲ ಅತ್ತೆ, ಆಫೀಸಿನ ಸಾಹೇಬರು ಪತ್ರಗಳನ್ನು ಬಾಯಲ್ಲಿ ಹೇಳಿಡುವುದಕ್ಕೆ, ಈ ಕಂದು ಬಣ್ಣ ಇದೆಯಲ್ಲ ಇದು ಬೇರೇನೂ ಅಲ್ಲ, ಕಬ್ಬಿಣದ ತುಕ್ಕಿನ ಜಾತಿಯದೇ, ನಾವು ಇಷ್ಟು ದಿನ ತುಕ್ಕಿನ ಮೇಲೆ ಬರೆದ ಸಂಗೀತ ಕೇಳಿ ಕಣ್ಣೀರು ಹಾಕಿದ್ದೇವೆ ಎಂದೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅತ್ತೆಯ ಕಾಫಿ ಆರಿತ್ತು. ಅವರು ಹೇಳಲು ಹೊರಟದ್ದೂ ಆರಿಹೋಯಿತು.

ನಾನು ತಡಮಾಡಲಿಲ್ಲ. ದೊಡ್ಡಮಾವನಿಗೆ ಫೋನು ಮಾಡಿ ಬರುವ ಭಾನುವಾರ ಮಧ್ಯಾಹ್ನ ನಿಮ್ಮ ತಮ್ಮನ ಕಛೇರಿ ಇದೆ, ತಪ್ಪಿಸಬೇಡಿ ಎಂದೆ. ಅವರು ಫೋನಿನಲ್ಲೇ ಅತ್ತರು. ಮೊದಲು ಕೇಳಿ ನೋಡಿ, ಆಮೇಲೆ ಜನರನ್ನು ಕರೆಯಿರಿ ಎಂದು ಹೆಂಡತಿ ಲ್ಯಾಬಿಗೆ ಹೊರಡುತ್ತಾ ಹೇಳಿದಳು. ಕನ್ನಡಕದಲ್ಲಿರುವ, ಕಣ್ಣಿಗೇ ಕಾಣದಂಥ ಸ್ಕ್ರೂ ತಿರುಗಿಸುವ ಕೈ ಇದು, ಕ್ಯಾಸೆಟ್ಟು ಯಾವ ಲೆಕ್ಕ ಎಂದು ನಾನು ನಕ್ಕೆ.

ಅಂದು ಅಂಗಡಿಗೆ ರಜೆ. ಹೆಂಡತಿ ಲ್ಯಾಬಿನಲ್ಲಿ. ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದರು. ನಾನು ಟೇಪ್ ರೆಕಾರ್ಡರನ್ನು ಬಿಚ್ಚಿದೆ. ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು. ಅದನ್ನು ಕೆರೆದು ತೆಗೆದು, ಅಂಗಡಿಯಲ್ಲಿ ಲೆನ್ಸಿನ ಪೊಟ್ಟಣಕ್ಕೆ ಹಾಕುವ ಒಂದು ರಬ್ಬರ್ ಬ್ಯಾಂಡನ್ನು ಆ ಜಾಗಕ್ಕೆ ಸಿಕ್ಕಿಸಿದೆ. ಇಂಥ ಉಪಾಯ ಆ ಯಂತ್ರ ಮಾಡಿದ ಎಂಜಿನಿಯರುಗಳಿಗೆ ಹೊಳೆಯಲಿಲ್ಲವಲ್ಲ ಎಂದು ಮರುಕವೂ ಆಯಿತು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮೊದಲಿಗೆ ತಂದು, ಒಳಗಿಟ್ಟು ಗುಂಡಿ ಒತ್ತಿದೆ.

ಮೊದಲು ಸುಯ್ ಎಂಬ ಸದ್ದು. ಆಮೇಲೆ ಎಲ್ಲೋ ಆಳದಿಂದ ಗಂಭೀರವಾದ ಒಂದು "ಗ್ರೂಂ". ಶ್ರುತಿ ಹಿಡಿಯುತ್ತಿದ್ದಾರೆ ಎಂದುಕೊಂಡೆ. ಅಷ್ಟರಲ್ಲಿ ಶ್ರುತಿ ಕೆಳಗೆ ಕೆಳಗೆ ಇಳಿದು, ಪಾತಾಳ ಮುಟ್ಟಿ, ನಿಂತುಹೋಯಿತು. ಒಳಗೆ ಮರಮರ ಸದ್ದು.

"ಬಂದರಾ?" ಎಂದು ಅಡುಗೆಮನೆಯಿಂದ ಅತ್ತೆ ಕೇಳಿದರು.

ಮುಚ್ಚಳ ತೆಗೆದು ನೋಡಿದೆ. ನನ್ನ ರಬ್ಬರ್ ಬ್ಯಾಂಡು ಜಾರಿತ್ತು. ಟೇಪನ್ನು ಸುತ್ತಿಕೊಳ್ಳಬೇಕಾದ ಚಕ್ರ ಸುಮ್ಮನೆ ನಿಂತಿತ್ತು. ಟೇಪನ್ನು ತಳ್ಳುವ ಚಕ್ರಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ. ಅದು ತಳ್ಳುತ್ತಲೇ ಇತ್ತು.

"ಬರ್ತಾ ಇದ್ದಾರೆ ಅತ್ತೆ," ಎಂದೆ.

ಸುಳ್ಳಲ್ಲ. ಬರುತ್ತಿದ್ದರು. ಗಜಗಟ್ಟಲೆ ಬರುತ್ತಿದ್ದರು! ಯಂತ್ರದ ಹೊಟ್ಟೆಯಲ್ಲಿ ಸಿಕ್ಕುಗಟ್ಟಿ, ರೋಲರಿಗೆ ಸುತ್ತಿಕೊಂಡು, ಮೂಲೆಮೂಲೆಗೆ ತೂರಿಕೊಂಡು ಬರುತ್ತಿದ್ದರು. ನಾನು ಮೆಲ್ಲಗೆ ಎಳೆದೆ. ಬರಲಿಲ್ಲ. ಸ್ವಲ್ಪ ಜೋರಾಗಿ ಎಳೆದೆ. ಪಟ್ ಎಂದಿತು. ಇನ್ನೊಂದು ಕಡೆಯಿಂದ ಎಳೆದೆ. ಅಲ್ಲೂ ಪಟ್ ಎಂದಿತು. ಕ್ಯಾಸೆಟ್ಟು ಒಂದು ಕೈಯಲ್ಲಿ, ಮುದುಡಿ ಜಿಡ್ಡು ಮೆತ್ತಿಕೊಂಡ ಟೇಪಿನ ಗಂಟು ಇನ್ನೊಂದು ಕೈಯಲ್ಲಿ. ಅತ್ತೆಯ ಹತ್ತಿರ ಇದ್ದದ್ದು ಈ ಒಂದೇ ಕ್ಯಾಸೆಟ್ಟು, ಇದರ ಇನ್ನೊಂದು ಪ್ರತಿ ಲೋಕದಲ್ಲೆಲ್ಲೂ ಇಲ್ಲ ಎಂಬುದು ಆಗ ನನಗೆ ಮೊದಲ ಸಲ ಸ್ಪಷ್ಟವಾಗಿ ಹೊಳೆಯಿತು.

ಆದರೂ ಎದೆಗುಂದಲಿಲ್ಲ. ಲೆನ್ಸು ಒರೆಸುವ ದ್ರಾವಣ, ಮೆತ್ತನೆಯ ಬಟ್ಟೆ ನನ್ನ ಹತ್ತಿರ ಇದ್ದೇ ಇರುತ್ತವೆ. ಸಿಕ್ಕು ಬಿಡಿಸಿ, ಉದ್ದಕ್ಕೂ ಒರೆಸಿದೆ. ಒದ್ದೆ ಟೇಪನ್ನು ಒಳಗೆ ಸುತ್ತಬಾರದೆಂದು ಬಾಲ್ಕನಿಯ ಹಗ್ಗದ ಮೇಲೆ ಮಡಿಕೆ ಮಡಿಕೆಯಾಗಿ ಹಾಕಿ, ಎರಡು ಕಡೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದೆ. ಬಿಸಿಲಿಗೆ ಎಷ್ಟು ಚೆನ್ನಾಗಿ ಹೊಳೆಯಿತೆಂದರೆ ಒಂದು ಕ್ಷಣ ನಿಂತು ನೋಡಿದೆ.

ಆಗ ಅತ್ತೆ ಒಳಗಿನಿಂದ ಕರೆದು, ಒಂದು ಡಬ್ಬಿಯ ಮುಚ್ಚಳ ತೆಗೆದುಕೊಡಿ ಎಂದರು. ಹೋಗಿ ತೆಗೆದುಕೊಟ್ಟೆ. ಕೊಟ್ಟವನು ಹಾಗೇ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಡಬ್ಬಿಯ ಬಾಯಿಗೆ ಅಂಟಿದ್ದ ಮೇಣ ಕಂಡು ನನಗೆ ಅರಗಿನ ಹುಳ ನೆನಪಾಯಿತು. ಅತ್ತೆಗೆ ಅದನ್ನು ಇನ್ನೂ ಹೇಳಿರಲಿಲ್ಲ. ವಿವರವಾಗಿ ಹೇಳಿದೆ. ಹೇಳಿ ಬಂದು ನೋಡಿದರೆ ಹಗ್ಗದ ಮೇಲೆ ಎರಡು ಕ್ಲಿಪ್ಪುಗಳು ಮಾತ್ರ ಒಂದರ ಮುಖ ಒಂದು ನೋಡುತ್ತಿದ್ದವು.

ಬೀದಿಗೆ ಓಡಿದೆ. ಚರಂಡಿ ನೋಡಿದೆ, ನಿಂತಿದ್ದ ಗಾಡಿಗಳ ಅಡಿ ಬಗ್ಗಿ ನೋಡಿದೆ, ವಿದ್ಯುತ್ ತಂತಿಗಳನ್ನು ಕತ್ತು ನೋಯುವವರೆಗೆ ನೋಡಿದೆ. ಸಿಗಲಿಲ್ಲ. ಸೋತು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯವರ ತೆರೆದ ತಾರಸಿಯಲ್ಲಿ ಏನೋ ಮಿಣಮಿಣ ಹೊಳೆಯಿತು.

ಕೆಳಗಿನ ಮನೆಯವರು ನಿವೃತ್ತ ಡ್ರಿಲ್ ಮೇಷ್ಟ್ರು. ತಾರಸಿಯ ಕುಂಡಗಳಲ್ಲಿ ಟೊಮೇಟೊ ಬೆಳೆಸುತ್ತಾರೆ. ಗಿಡಗಳೂ ಶಾಲೆಯ ಮಕ್ಕಳ ಹಾಗೆ ಸಾಲಾಗಿ, ಸಮ ಅಂತರದಲ್ಲಿ, ಎದೆ ಸೆಟೆಸಿ ನಿಂತಿರುತ್ತವೆ. ಹಣ್ಣು ಕೆಂಪಾಗುವ ಹೊತ್ತಿಗೆ ಹಕ್ಕಿಗಳು ಬಂದು ಕುಕ್ಕಿ ಹೋಗುವುದು ಅವರ ಬಹುದಿನದ ದುಃಖ. ಆ ದಿನ ಅವರ ಮುಖದಲ್ಲಿ ಗೆಲುವಿತ್ತು. ಗಾಳಿಯಲ್ಲಿ ತೇಲಿಬಂದ ಒಳ್ಳೆಯ ರಿಬ್ಬನ್ನು ಸಿಕ್ಕಿತೆಂದು ಅದನ್ನು ಕತ್ತರಿಯಿಂದ ತುಂಡು ತುಂಡು ಮಾಡಿ, ಪ್ರತಿ ಗಿಡದ ಕೋಲಿನಿಂದ ಕೋಲಿಗೆ ಬಿಗಿದು ಕಟ್ಟಿ ಮುಗಿಸಿದ್ದರು. ಗಾಳಿ ಬಂದಾಗಲೆಲ್ಲ ಅದು ಬರ್ರ್ ಎನ್ನುತ್ತಿತ್ತು.

"ಒಂದು ಹಕ್ಕಿ ಹತ್ತಿರ ಸುಳಿದಿಲ್ಲ, ನೋಡಿ," ಎಂದರು ಮೇಷ್ಟ್ರು.

"ಸಾರ್, ಅದು ನನ್ನ ಮಾವನವರು," ಎಂದೆ.

ಮೇಷ್ಟ್ರು ಗಿಡಗಳನ್ನು ನೋಡಿದರು. ನನ್ನನ್ನು ನೋಡಿದರು. ಬಿಸಿಲಿನಲ್ಲಿ ಓಡಾಡಿದ್ದೀರಿ, ಸ್ವಲ್ಪ ನೆರಳಿಗೆ ಬನ್ನಿ ಎಂದು ಕುರ್ಚಿ ಎಳೆದು ನೀರು ಕೊಟ್ಟರು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರಿಗೆ ಮನಸ್ಸು ಕರಗಿತು, ಆದರೆ ಟೊಮೇಟೊ ಮೇಲಿನ ಪ್ರೀತಿಯೂ ದೊಡ್ಡದು. ನಿಮ್ಮ ಮಾವನವರನ್ನು ಕೊಡುತ್ತೇನೆ, ಅವರ ಬದಲಿಗೆ ಕಾವಲಿಗೆ ಯಾರನ್ನು ನಿಲ್ಲಿಸಲಿ ಎಂದು ಕೇಳಿದರು. ನಾನು ಮೇಲೆ ಹೋಗಿ, ನನ್ನ ಸಂಗ್ರಹದ ಮುಂದೆ ಒಂದು ನಿಮಿಷ ತಲೆ ತಗ್ಗಿಸಿ ನಿಂತು, ನನ್ನ ಸೀಡಿಗಳ ರಾಶಿಯನ್ನು ಎದೆಗವಚಿಕೊಂಡು ಇಳಿದುಬಂದೆ. ಒಂದೊಂದನ್ನೇ ದಾರ ಪೋಣಿಸಿ ಗಿಡಕ್ಕೆ ಕಟ್ಟಿದೆವು. ಗ್ರಾಮಫೋನ್ ತಟ್ಟೆ ಹೊರಗಿನಿಂದ ಒಳಕ್ಕೆ ಹಾಡಿದರೆ ಸೀಡಿ ಒಳಗಿನಿಂದ ಹೊರಕ್ಕೆ ಓದಿಕೊಳ್ಳುತ್ತದೆ ಸಾರ್, ಎಂದು ನಾನು ದುಃಖದಲ್ಲೂ ತಿಳಿಸಿದೆ. ಹಕ್ಕಿಗೆ ಅಷ್ಟೆಲ್ಲ ಬೇಕಾಗಲ್ಲ ಎಂದರು ಮೇಷ್ಟ್ರು. ಹೊರಡುವಾಗ ನಾನು ಈ ವಿಷಯ ನಮ್ಮ ಮನೆಯವರಿಗೆ ತಿಳಿಯಬಾರದು ಎಂದು ಕೇಳಿಕೊಂಡೆ. ಅವರು, ಹಾಗಾದರೆ ನಾನು ಕೂಡ ಭಾನುವಾರ ಹಾಡು ಕೇಳಲು ಬರುತ್ತೇನೆ ಎಂದರು. ಒಪ್ಪಂದವಾಯಿತು.

ಟೇಪಿನ ತುಂಡುಗಳನ್ನು ಅಂಗಡಿಗೆ ಒಯ್ದು ದೊಡ್ಡ ಭೂತಗನ್ನಡಿಯ ಕೆಳಗೆ ಹರಡಿದೆ. ಮೊದಲಿನದು ಯಾವುದು, ಕೊನೆಯದು ಯಾವುದು? ಒಂದು ತುಂಡಿಗೆ ತಲೆ ಯಾವ ಕಡೆ, ಬಾಲ ಯಾವ ಕಡೆ? ಎಲ್ಲವೂ ಒಂದೇ ಕಂದು, ಒಂದೇ ಅಗಲ. ತುಕ್ಕಿನ ಮಗ್ಗುಲು ಒಂದೇ ಕಡೆ ಇರಬೇಕು ಎಂಬುದಷ್ಟೇ ನನಗೆ ಗೊತ್ತಿದ್ದ ಶಾಸ್ತ್ರ. ಆ ಶಾಸ್ತ್ರ ಪಾಲಿಸಿ, ಕೈಗೆ ಸಿಕ್ಕ ಹಾಗೆ ಒಂದಕ್ಕೊಂದು ಚಿಮ್ಮಟದಲ್ಲಿ ಹಿಡಿದು, ಕೂದಲೆಳೆ ಅಂತರವಿಲ್ಲದೆ ಅಂಟಿಸಿದೆ. ಕೈಕೆಲಸದ ನಯ ಮಾತ್ರ ಅಪೂರ್ವವಾಗಿತ್ತು. ಸರಿಯಾದ ಬೆಲ್ಟನ್ನೂ ಹುಡುಕಿ ತಂದು ಯಂತ್ರಕ್ಕೆ ಹಾಕಿದೆ. ಒಮ್ಮೆ ಹಾಕಿ ಕೇಳೋಣವೇ ಎನಿಸಿತು. ಯಂತ್ರ ಇನ್ನೊಮ್ಮೆ ತಿಂದರೆ? ಹೇಗೂ ಭಾನುವಾರ ಎಲ್ಲರ ಮುಂದೆ ಹಾಕಲೇಬೇಕು, ತಿನ್ನುವುದಾದರೆ ಆಗಲೇ ತಿನ್ನಲಿ ಎಂದು ಧೈರ್ಯ ತಂದುಕೊಂಡೆ.

ಭಾನುವಾರ ಮಧ್ಯಾಹ್ನ ನಮ್ಮ ಹಜಾರ ಸಭಾಂಗಣವಾಯಿತು. ದೊಡ್ಡಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು. ಡ್ರಿಲ್ ಮೇಷ್ಟ್ರು ಒಂದು ಬುಟ್ಟಿ ಟೊಮೇಟೊ ಹಿಡಿದುಕೊಂಡು ಬಂದರು. ಹೆಂಡತಿ ಇದೇನು ವಿಶೇಷ ಎಂದು ಕೇಳಿದ್ದಕ್ಕೆ ಅವರು ನನ್ನ ಮುಖ ನೋಡಿ, ಹೀಗೇ ಸುಮ್ಮನೆ, ಎಂದರು. ಅತ್ತೆ ಯಂತ್ರದ ಪಕ್ಕದಲ್ಲೇ ಕೂತು, ಅಳಿಯಂದಿರೇ ಇಷ್ಟು ಜನರ ಮುಂದೆ ಬೇಡವೇನೋ, ಅದರಲ್ಲಿ, ಎಂದು ಮತ್ತೆ ಶುರುಮಾಡಿದರು. ಅತ್ತೆಗೆ ಸಂಕೋಚ ಎಂದುಕೊಂಡು ನಾನು ಎದ್ದು ನಿಂತು ಭಾಷಣವನ್ನೇ ಆರಂಭಿಸಿದೆ. ಈ ಬೆರಳಗಲಕ್ಕಿಂತ ಕಿರಿದಾದ ಟೇಪಿನ ಅರ್ಧದಲ್ಲಿ ಒಂದು ಕಡೆಯ ಹಾಡು, ಉಳಿದರ್ಧದಲ್ಲಿ ಇನ್ನೊಂದು ಕಡೆಯ ಹಾಡು ಅಕ್ಕಪಕ್ಕದಲ್ಲಿ, ಒಂದು ಹೋಗುವ ದಾರಿಯಲ್ಲಿ ಇನ್ನೊಂದು ಬರುವ ಹಾಗೆ ಇರುತ್ತವೆ ಎಂದು ವಿವರಿಸಿದೆ. ಯಾರೂ ಗಲ್ಲವನ್ನು ಯಂತ್ರಕ್ಕೆ ಕೊಟ್ಟಿರಲಿಲ್ಲವಾದ್ದರಿಂದ ಅತ್ತಿತ್ತ ಅಲ್ಲಾಡತೊಡಗಿದರು. ಹೆಂಡತಿ ಕೈ ಚಾಚಿ ತಾನೇ ಗುಂಡಿ ಒತ್ತಿಬಿಟ್ಟಳು.

ಸುಯ್. ಗ್ರೂಂ. ಮತ್ತೆ ಗ್ರೂಂ. ಯಂತ್ರ ತಿನ್ನಲಿಲ್ಲ! ನಾನು ಗೆದ್ದೆ!

ದೊಡ್ಡಮಾವ ಕಣ್ಣು ಮುಚ್ಚಿದರು. ಎಂಥ ಆಲಾಪ ಎಂದು ಪಿಸುಗುಟ್ಟಿದರು. ನಾನು ಉಸಿರಿನ ಹಿಡಿತ ಗಮನಿಸಿ, ಎಲ್ಲೂ ಅವಸರವಿಲ್ಲ ನೋಡಿ ಎಂದು ಮೆಲ್ಲಗೆ ವ್ಯಾಖ್ಯಾನ ಕೊಟ್ಟೆ. ಸ್ವಲ್ಪ ಹೊತ್ತಿಗೆ ಆಲಾಪ ನಿಂತು ಪಿಸುದನಿಯಲ್ಲಿ ಮಾತಿನಂಥ ಏನೋ ಬಂತು: "ಉಳವ್ಯಿ ಯ್ಲ್ಲೇಳಿಹೆ ಊತ್ತಾವ್ಯಾ." ನಡುವೆ ಗ್ರೂಂ. ಮತ್ತೆ ಅದೇ ರೀತಿಯ ನುಡಿಗಳು. ದೊಡ್ಡಮಾವ ಕಣ್ಣು ತೆರೆದು, ಸಾಹಿತ್ಯ ಯಾವ ಭಾಷೆಯದು ಎಂದು ಕೇಳಿದರು. ಬಹಳ ಪ್ರಾಚೀನವಾದದ್ದಿರಬೇಕು ಎಂದೆ. ಇರಬೇಕು, ಅವನು ಯಾರಿಗೂ ಹೇಳದೆ ಏನೇನು ಕಲಿತಿದ್ದನೋ ಎಂದು ಅವರು ಕರವಸ್ತ್ರ ತೆಗೆದರು. ಅತ್ತೆ ಮಾತ್ರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು. ಅವರ ಭುಜ ಅಲುಗುತ್ತಿತ್ತು. ಪಾಪ, ಅಳುತ್ತಿದ್ದಾರೆ ಎಂದುಕೊಂಡೆ.

ಆಲಾಪ ಮತ್ತೆ ಮೊದಲಾಯಿತು. ಈ ಸಲ ಅದು ಏರಿ ಏರಿ, ಒಂದು ಸೀಟಿಯಾಗಿ, ಗಕ್ಕನೆ ನಿಂತು, ಪುಸ್ ಎಂದಿತು. ಆಗ ಟೇಪಿನೊಳಗಿಂದ ಒಬ್ಬ ಯುವತಿಯ ಧ್ವನಿ, ಸ್ಪಷ್ಟವಾಗಿ, ಬೇಸರದಿಂದ ಹೇಳಿತು:

"ಕೇಳಿಸ್ಕೊಳ್ಳಿ. ಬೆಳಿಗ್ಗೆ ಎದ್ದು, ನಾನು ಗೊರಕೆ ಹೊಡೆಯೋದೇ ಇಲ್ಲ ಅನ್ನಬೇಡಿ."

ನಾನು ಗುಂಡಿ ಒತ್ತಿ ನಿಲ್ಲಿಸಿದೆ. ದೊಡ್ಡಮಾವನ ಕರವಸ್ತ್ರ ಮೂಗಿನ ಹತ್ತಿರ ಹಾಗೇ ನಿಂತಿತು.

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಅವರು ಅಳುತ್ತಿರಲಿಲ್ಲ, ಆಗಿನಿಂದಲೂ ನಗು ನುಂಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹೇಳೋಣ ಅಂತ ಎರಡು ಸಲ ಬಂದೆ, ನೀವು ಬಿಡಲಿಲ್ಲ ಎಂದರು. ಮಾವನವರು ತಮಗೆ ಗೊರಕೆಯೇ ಇಲ್ಲ ಎಂದು ಸಾಧಿಸುತ್ತಿದ್ದರಂತೆ. ಅತ್ತೆ ಸಾಕ್ಷಿಗೆಂದು ಟೇಪು ಮಾಡಿ ಕೇಳಿಸಿದರೆ, ಪೂರ್ತಿ ಕೇಳಿ, ಯಂತ್ರ ಕೆಟ್ಟಿದೆ ಎಂದು ಸನ್ನೆ ಮಾಡಿ ಎದ್ದು ಹೋದರಂತೆ. ಹಾಗಾದರೆ ಬೀದಿಯಲ್ಲಿ ಜನ ನಿಲ್ಲುತ್ತಿದ್ದದ್ದು, ಎಂದು ದೊಡ್ಡಮಾವ ಕ್ಷೀಣವಾಗಿ ಕೇಳಿದರು. ಬೇಸಿಗೆಯಲ್ಲಿ ಕಿಟಕಿ ತೆಗೆದಿಟ್ಟು ಮಲಗುತ್ತಿದ್ದರು ಭಾವ, ಎಂದರು ಅತ್ತೆ.

ಆಮೇಲೆ ಅವರ ನಗು ನಿಧಾನಕ್ಕೆ ಇಳಿಯಿತು. ಇನ್ನೊಂದು ಸಲ ಹಾಕಿ ಎಂದರು. ಹಾಕಿದೆ. ಅತ್ತೆ ಯಂತ್ರದ ಕಡೆ ಸ್ವಲ್ಪ ಬಾಗಿ, ಆ ಗ್ರೂಂ ಏರುವುದು, ಇಳಿಯುವುದನ್ನು ಕೇಳುತ್ತಾ ಕೂತರು. ಪಕ್ಕದಲ್ಲಿ ಮಲಗಿದವರ ಕಡೆ ಹೊರಳಿದ ಹಾಗಿತ್ತು. ಈ ಸಲ ಯಾರೂ ನಗಲಿಲ್ಲ. ಡ್ರಿಲ್ ಮೇಷ್ಟ್ರು ಕೂಡ ತಲೆ ತಗ್ಗಿಸಿದರು.

ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು. ನನಗೆ ಅದು ಬರುವುದಿಲ್ಲ. ಇನ್ನೊಂದು ಕಡೆ ಏನಿದೆ ಎಂದು ಕೇಳಿದೆ. ಅದು ಖಾಲಿ, ಆ ಕಡೆ ಯಾರೂ ಏನೂ ತುಂಬಿಸಿಲ್ಲ ಎಂದರು ಅತ್ತೆ. ನೋಡಿಯೇಬಿಡೋಣ ಎಂದು ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದೆ.

ಖಾಲಿ ಇರಲಿಲ್ಲ. ಅಲ್ಲೂ ಗೊರಕೆ ಇತ್ತು! ಆದರೆ ಬೇರೆ ಜಾತಿಯದು. ತೆಳ್ಳಗೆ, ಕೊಳಲಿನ ಹಾಗೆ ಏಳುತ್ತಾ, ಕೊನೆಯಲ್ಲಿ ಸಣ್ಣದೊಂದು ತಿರುವು ತೆಗೆದುಕೊಳ್ಳುವಂಥದು. ಅತ್ತೆ ಹುಬ್ಬು ಗಂಟಿಕ್ಕಿ, ಇದು ಇವರದಲ್ಲ ಎಂದರು. ಯಾರದು ಎಂದು ನಾವೆಲ್ಲ ಅವರ ಮುಖ ನೋಡುತ್ತಿರುವಾಗ, ಗೊರಕೆಯ ಮೇಲೆ ಒಂದು ಗಂಡು ಧ್ವನಿ, ಪಿಸುದನಿಯಲ್ಲಿ, ಒಂದೊಂದೇ ಮಾತನ್ನು ಹುಡುಕಿಕೊಂಡು ಬಂತು.

"ಇದು ಇವಳದು. ಸೇಡು ತೀರಿಸ್ಕೊಳ್ಳೋಣ ಅಂತ ಕೂತೆ. ಟೇಪು ಮುಗಿಯೋಕೆ ಬಂತು. ಇದನ್ನ ಇವಳಿಗೆ ಕೇಳಿಸಲ್ಲ ನಾನು. ದಿನವಿಡೀ ಹೊಲಿದು ದಣಿದಿರ್ತಾಳೆ, ಮಲಗಲಿ. ಇಷ್ಟು ವರ್ಷದಲ್ಲಿ ಇವಳಿಗೆ ಒಂದು ಮಾತು ಬಾಯಿಬಿಟ್ಟು ಹೇಳಿಲ್ಲ. ಈಗ ಹೇಳ್ತೀನಿ. ನನಗೆ ಇವಳು..."

ಅತ್ತೆಯ ಕೈ ಮಡಿಲಿನಿಂದ ಎದ್ದು ಗಾಳಿಯಲ್ಲಿ ನಿಂತಿತು. ಹೆಂಡತಿ ಅಮ್ಮನ ಹೆಗಲು ಹಿಡಿದುಕೊಂಡಳು.

"...ಗ್ರೂಂ," ಎಂದಿತು ಟೇಪು. "ಗ್ರೂಂ. ಯಾವತ್ತೂ. ಗ್ರೂಂ. ಅಷ್ಟೆ." ಆಮೇಲೆ ಟಕ್ ಎಂದು ಟೇಪು ಮುಗಿಯಿತು.

ಮಾವನವರು ತಮ್ಮ ಇಡೀ ಬದುಕಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿದ ಆ ಒಂದು ಮಾತನ್ನು ನಾನು ಹಿಂದುಮುಂದು ಮಾಡಿ ಅಂಟಿಸಿದ್ದೆ. ತಿರುಗುಮುರುಗಾದ ತುಂಡುಗಳಲ್ಲಿ ಒಂದು ಕಡೆಯದು ಇನ್ನೊಂದು ಕಡೆಗೆ ಹೋಗಿಬಿಟ್ಟಿತ್ತು. ಸ್ವಲ್ಪ ಹೊತ್ತಿನ ಹಿಂದೆ ನಾವು ಪ್ರಾಚೀನ ಸಾಹಿತ್ಯ ಎಂದು ತಲೆದೂಗಿದ್ದು ಅದನ್ನೇ, ಬಾಲದಿಂದ ತಲೆಗೆ.

"ಏನಂದರು?" ಎಂದು ಅತ್ತೆ ಕೇಳಿದರು. ನನ್ನನ್ನಲ್ಲ, ಯಂತ್ರವನ್ನು.

ಡ್ರಿಲ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಇದು ನನ್ನ ತಪ್ಪೂ ಹೌದು, ನಾನು ಟೊಮೇಟೊ ಗಿಡಕ್ಕೆ ಕಟ್ಟಲೆಂದು ಟೇಪನ್ನು ಕತ್ತರಿಸಬಾರದಿತ್ತು ಎಂದರು. ಹೆಂಡತಿಯ ತಲೆ ನನ್ನ ಕಡೆ ತಿರುಗಿತು. ಬುಟ್ಟಿಯ ಕಡೆ ತಿರುಗಿತು. ಮತ್ತೆ ನನ್ನ ಕಡೆ ತಿರುಗಿತು. ಎಲ್ಲವೂ ಹೊರಬಂತು: ರಬ್ಬರ್ ಬ್ಯಾಂಡು, ಲೆನ್ಸಿನ ದ್ರಾವಣ, ಬಾಲ್ಕನಿ, ಅರಗಿನ ಹುಳ. ನಾನು ಅಷ್ಟು ಚಿಕ್ಕದಾಗಿ ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾಸೆಟ್ಟನ್ನು ತೆಗೆದು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಇವರು ಇಷ್ಟು ಮಾತಾಡಿದ್ದೇ ಹೆಚ್ಚು, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನಗೆ ನೆಲ ಬಿರಿಯಬಾರದೇ ಎನಿಸಿತು.

ಮಾರನೆಯ ದಿನ ಹೆಂಡತಿ ಲ್ಯಾಬಿಗೆ ರಜೆ ಹಾಕಿದಳು. ಊಟದ ಮೇಜು ಒರೆಸಿ, ಬಿಳಿ ಕಾಗದ ಹಾಸಿ, ಕೈಗವಸು ತೊಟ್ಟಳು. ನನ್ನ ಸ್ಕ್ರೂಡ್ರೈವರನ್ನು ಕೇಳಿ ಪಡೆದಳು, ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು. ಕಿಟಕಿಯಿಂದ ನೋಡಿದೆ. ಪ್ರತಿ ತುಂಡನ್ನೂ ಬಿಡಿಸಿ, ಒಂದೊಂದನ್ನೇ ಒಂದು ಹಳೆಯ ಖಾಲಿ ಕ್ಯಾಸೆಟ್ಟಿಗೆ ಹಾಕಿ ಕೇಳಿ, ತಲೆ ಬಾಲ ಗುರುತಿಸಿ ಚೀಟಿ ಅಂಟಿಸಿ, ಸರಿಯಾದ ಸಾಲಿಗೆ ತಂದಳು. ರಕ್ತದ ಸೀಸೆಗಳನ್ನು ಜೋಡಿಸುವ ಅದೇ ಶಿಸ್ತು. ನಾನು ಕಿಟಕಿಯಾಚೆಯಿಂದ, ಅಂಟಿಸುವಾಗ ಗಾಳಿಗುಳ್ಳೆ ಸೇರಬಾರದು ನೋಡು, ಎಂದೆ. ಅವಳು ಎದ್ದು ಬಂದು ಕಿಟಕಿ ಮುಚ್ಚಿದಳು.

ಸಂಜೆಗೆ ಕೆಲಸ ಮುಗಿಯಿತು. ಅವಳು ಕೊನೆಯ ಸಲ ಹಾಕಿ ಕೇಳಿದಳು. ಆಮೇಲೆ ಕಣ್ಣು ಒರೆಸಿಕೊಂಡು, ಯಂತ್ರವನ್ನು ಅಮ್ಮನ ಕೋಣೆಗೆ ಒಯ್ದಿಟ್ಟು ಬಾಗಿಲು ಎಳೆದುಕೊಂಡು ಬಂದಳು. ನಾವಿಬ್ಬರೂ ಹಜಾರದಲ್ಲಿ ಕೂತೆವು. ಒಳಗಿನಿಂದ ಸ್ಪಷ್ಟವಾಗಿ ಏನೂ ಕೇಳಿಸಲಿಲ್ಲ. ಪಿಸುದನಿಯೊಂದು ಬಂದು ಹೋಯಿತು. ಗುಂಡಿ ಒತ್ತಿದ ಸದ್ದು. ಮತ್ತೆ ಅದೇ ಪಿಸುದನಿ. ಮತ್ತೆ ಗುಂಡಿ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಹೊರಗೆ ಬಂದರು. ಮುಖ ತೊಳೆದುಕೊಂಡಿದ್ದರು. ಕೆನ್ನೆ ಕೆಂಪಾಗಿತ್ತು. ಹೊಸ ಮದುಮಗಳ ಹಾಗೆ ನನ್ನ ಕಣ್ಣು ತಪ್ಪಿಸಿ ಅಡುಗೆಮನೆಗೆ ಹೋಗಿ ಎಲ್ಲರಿಗೂ ಚಹಾ ಇಟ್ಟರು. ಏನಂದರು ಅತ್ತೆ ಎಂದು ನಾನು ಹಿಂದೆಯೇ ಹೋಗಿ ಕೇಳಿದೆ. ಸಕ್ಕರೆ ಎಷ್ಟು ಹಾಕಲಿ ಎಂದು ಅವರು ಕೇಳಿದರು.

ನಾನು ಹೆಂಡತಿಯ ಪಕ್ಕಕ್ಕೆ ಬಂದು ಕೂತೆ. ಜಗತ್ತಿನ ತಟ್ಟೆ, ಟೇಪು, ರೀಲುಗಳ ಬಗ್ಗೆ ತಿಳಿಯದ ವಿಷಯವಿಲ್ಲ ಎಂದು ಮೆರೆದ ಮನುಷ್ಯ ನಾನು. ನನ್ನ ಮನೆಯದೇ ಟೇಪಿನಲ್ಲಿದ್ದ ಒಂದು ವಾಕ್ಯ ಗೊತ್ತಿರಲಿಲ್ಲ. ನೀನಾದರೂ ಹೇಳೇ, ನೀನು ಕೇಳಿದ್ದೀಯಲ್ಲ, ನಿನ್ನ ದಮ್ಮಯ್ಯ, ಎಂದು ಅಂಗಲಾಚಿದೆ.

ಅವಳು ಕೈಗವಸು ಕಳಚಿ, ಮಡಚಿ, ಮೇಜಿನ ಮೇಲಿಟ್ಟಳು.

"ರಿಪೋರ್ಟು ಯಾರದೋ ಅವರ ಕೈಗೆ ಮಾತ್ರ ಕೊಡೋದು ರೀ," ಎಂದಳು. "ಸ್ಯಾಂಪಲ್ಲು ಚೆಲ್ಲಿದವರಿಗಲ್ಲ."